ರಷ್ಯನ್ ಕಲಿತಿದ್ದೇನೆ, ಸ್ಲಾವಿಕ್ ಮತ್ತು ಯುರೇಷ್ಯಾ ಅಧ್ಯಯನಕ್ಕೆ ಹೋದರೆ ಮುಂದೆ ಏನಿದೆ?

ಕಪ್ಪುಶಾಯಿ

ಎಲ್ಲರಿಗೂ ನಮಸ್ಕಾರ. ಸ್ಲಾವಿಕ್ ಮತ್ತು ಯುರೇಷ್ಯಾ ಅಧ್ಯಯನ, ಅಂದರೆ ರಷ್ಯಾ, ಪೂರ್ವ ಯುರೋಪ್, ಮಧ್ಯ ಏಷ್ಯಾದ ಭಾಷೆ ಮತ್ತು ಇತಿಹಾಸದ ಓದಿಗೆ ಹೋಗುವ ಯೋಚನೆಯಲ್ಲಿದ್ದೇನೆ. ಇತಿಹಾಸದಲ್ಲಿ ಬಿಎ ಮುಗಿಸಿ ಒಂದು ವರ್ಷ ಆಯಿತು. ರಷ್ಯನ್ ಕಲಿಯೋಕೆ ಶುರು ಮಾಡಿ ಮೂರು ವರ್ಷ. ಟಿಆರ್‌ಕೆಐ ಅನ್ನುವ ರಷ್ಯನ್ ಭಾಷಾ ಪರೀಕ್ಷೆಯ ಮೊದಲ ದರ್ಜೆ, ಅಂದರೆ ಮಧ್ಯಮ ಮಟ್ಟದ ಬಿ1, ಪಾಸಾಗಿದ್ದೇನೆ. ಪತ್ರಿಕೆ ಓದಿದರೆ ಸುಮಾರಾಗಿ ಅರ್ಥವಾಗುತ್ತದೆ, ಮಾತಾಡುವಾಗ ಇನ್ನೂ ತಡವರಿಸುತ್ತೇನೆ.

ನನ್ನ ತಲೆ ಹೊಕ್ಕಿರುವ ವಿಷಯ ಒಂದೇ. 1927ರ ಮಾರ್ಚ್ 8ರಂದು ಕಮ್ಯುನಿಸ್ಟ್ ಪಕ್ಷ ಉಜ್ಬೇಕಿಸ್ತಾನದಲ್ಲಿ ಹುಜುಮ್ ಅನ್ನುವ ಚಳವಳಿ ಶುರು ಮಾಡಿತು. ಹುಜುಮ್ ಅಂದರೆ ದಾಳಿ. ಹೆಂಗಸರು ಚೌಕದಲ್ಲಿ ಸೇರಿ ಮುಖಪರದೆ ತೆಗೆದು ಬೆಂಕಿಗೆ ಹಾಕಿದರು. ಆಮೇಲೆ ಅವರಲ್ಲಿ ಎಷ್ಟೋ ಜನರನ್ನು ಸ್ವಂತ ಮನೆಯವರೇ, ನೆರೆಯವರೇ ಕೊಂದರು. ಪಕ್ಷ ಒಂದು ಕಡೆ ಎಳೆಯಿತು, ಮನೆ ಇನ್ನೊಂದು ಕಡೆ ಎಳೆಯಿತು, ನಡುವೆ ನಿಂತ ಆ ಹೆಂಗಸರು ಸ್ವತಃ ಏನು ಅಂದುಕೊಂಡಿದ್ದರು ಅನ್ನೋದು ನನಗೆ ತಿಳಿಯಬೇಕು.

ಇದಕ್ಕೆ ಎಂಎ ಎಲ್ಲಿ ಮಾಡುವುದು ಒಳ್ಳೆಯದು? ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾಕ್ಕೆ ಹೋಗಿ ಓದುವ ದಾರಿ ಮುಚ್ಚಿತು ಅನ್ನುತ್ತಾರೆ, ಹಾಗಾದರೆ ಈ ವಿಷಯವೇ ಮುಗಿಯಿತಾ? ಪಿಎಚ್‌ಡಿ ಮಾಡಿದವರಿಗೆ ನಿಜವಾಗಲೂ ಏನು ಕೆಲಸ ಸಿಗುತ್ತಿದೆ? ಮನೆಯಲ್ಲಿ ದಿನಾ ಇದನ್ನೇ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ಇದೇ ದಾರಿಯಲ್ಲಿ ಇರುವವರು, ಬಿಟ್ಟವರು, ಯಾರಾದರೂ ಹೇಳಿ.

ಹಳೆಕಡತ

ನಾನು ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ, ಸೋವಿಯತ್ ಕಾಲದ ಇತಿಹಾಸವೇ ನನ್ನ ವಿಷಯ. ನೀವು ಎಲ್ಲಿ ಓದಬೇಕು ಅಂತ ಮೊದಲು ಕೇಳಿದ್ದೀರಿ. ನಾನು ಅದನ್ನು ತಿರುಗಿಸುತ್ತೇನೆ. ನಿಮ್ಮ ಪ್ರಶ್ನೆ ಆಗಲೇ ಗಟ್ಟಿಯಾಗಿದೆ, ತುಂಬಾ ಜನರಿಗೆ ಎಂಎ ಮುಗಿದರೂ ಅಷ್ಟು ಸಿಕ್ಕಿರುವುದಿಲ್ಲ. ಆದರೆ ಆ ಪ್ರಶ್ನೆಗೆ ರಷ್ಯನ್ ಒಂದೇ ಸಾಲದು. ರಷ್ಯನ್‌ನಲ್ಲಿ ಸಿಗುವುದು ಪಕ್ಷದವರು ಆ ಹೆಂಗಸರ ಬಗ್ಗೆ ಬರೆದ ವರದಿ. ಹೆಂಗಸರ ಮಾತು ಬೇಕಾದರೆ ಉಜ್ಬೇಕ್ ಬೇಕೇ ಬೇಕು. ಇವತ್ತೇ ಶುರು ಮಾಡಿ, ಎಂಎ ಸೀಟು ಸಿಗಲಿ ಅಂತ ಕಾಯಬೇಡಿ.

ಈಗ ಯುದ್ಧದ ವಿಷಯ. 2022ರ ನಂತರ ಪಶ್ಚಿಮದ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳನ್ನು ಮಾಸ್ಕೋ, ಪೀಟರ್ಸ್‌ಬರ್ಗ್‌ಗೆ ಕಳಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದವು. ರಷ್ಯನ್ ಕಲಿಯಲು ಈಗ ಜನ ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಬೇರೆ ದೇಶಗಳ ಊರುಗಳಾದ ಅಲ್ಮಾಟಿ, ಬಿಷ್ಕೆಕ್, ಟ್ಬಿಲಿಸಿ, ಯೆರೆವಾನ್ ಕಡೆ ಹೋಗುತ್ತಿದ್ದಾರೆ. ರಷ್ಯಾ ಸರ್ಕಾರವೂ ಕೆಲವು ವಿದೇಶಿ ಸಂಸ್ಥೆಗಳನ್ನು "ಬೇಡದ ಸಂಸ್ಥೆ" ಪಟ್ಟಿಗೆ ಸೇರಿಸಿದೆ, 2015ರಲ್ಲಿ ಅದಕ್ಕಂತಲೇ ಕಾನೂನು ತಂದರು. ಅಂಥ ಸಂಸ್ಥೆಯ ಜೊತೆ ಕೆಲಸ ಮಾಡಿದರೆ ಅಲ್ಲಿ ಅದು ಅಪರಾಧ. ಯಾರ ದುಡ್ಡಿನಲ್ಲಿ ಓದುತ್ತೀರಿ ಅನ್ನೋದನ್ನೂ ಈಗ ನೋಡಬೇಕಾಗುತ್ತದೆ. ನಿಮ್ಮ ವಿಷಯಕ್ಕೆ ಇದರಿಂದ ಒಂದು ಪೆಟ್ಟಂತೂ ಇದೆ. ಪಕ್ಷದ ಮಧ್ಯ ಏಷ್ಯಾ ಬ್ಯೂರೋ ಕಡತಗಳು ಮಾಸ್ಕೋದಲ್ಲಿವೆ. ಹಾಗಂತ ಎದೆಗುಂದಬೇಡಿ. ತಾಷ್ಕೆಂಟಿನ ಆರ್ಕೈವ್ ಇದೆ, ಆ ಕಾಲದ ಪತ್ರಿಕೆಗಳಿವೆ. ಅನುಮತಿಗೆ ಸಮಯ ಹಿಡಿಯುತ್ತದೆ, ಅಲ್ಲಿನ ಸಂಸ್ಥೆಯೊಂದರ ಪತ್ರ ಇದ್ದರೆ ಕೆಲಸ ಸುಲಭ.

ನಾನು ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನನ್ನ ಮೊದಲ ಯೋಜನೆ ಪೂರ್ತಿ ರಷ್ಯಾದ ಕಡತಗಳ ಮೇಲೆ ನಿಂತಿತ್ತು. 2022ರಲ್ಲಿ ಅದು ಹೋಯಿತು. ಎರಡು ತಿಂಗಳು ಏನೂ ತೋಚಲಿಲ್ಲ. ಆಮೇಲೆ ಅದೇ ಕಾಲ, ಅದೇ ಇಲಾಖೆ, ಆದರೆ ವಿಲ್ನಿಯಸ್ ಮತ್ತು ಕೀವ್‌ನ ದಾಖಲೆಗಳು ಅಂತ ಬದಲಾಯಿಸಿಕೊಂಡೆ. ಉಕ್ರೇನ್ 2015ರ ಕಾನೂನಿನಿಂದ ಕೆಜಿಬಿ ಕಡತಗಳನ್ನು ತೆರೆದಿಟ್ಟಿದೆ, ಲಿಥುವೇನಿಯಾದಲ್ಲೂ ಓದಲು ಸಿಗುತ್ತವೆ. ಕೇಂದ್ರದಿಂದ ನೋಡುತ್ತಿದ್ದ ಕಥೆಯನ್ನು ಅಂಚಿನಿಂದ ನೋಡಿದಾಗ ಬೇರೆಯೇ ಕಂಡಿತು. ಇಡೀ ಅಧ್ಯಯನ ಕ್ಷೇತ್ರವೇ ಈಗ ಆ ಕಡೆ ಹೊರಳುತ್ತಿದೆ. ಉಕ್ರೇನಿಯನ್, ಕಜಕ್, ಉಜ್ಬೇಕ್, ಜಾರ್ಜಿಯನ್ ಬರುವವರ ಮಾತಿಗೆ ಮೊದಲಿಗಿಂತ ಜಾಸ್ತಿ ಬೆಲೆ ಬಂದಿದೆ.

ಎಂಎಗೆ ನಾನು ಮೊದಲು ಹೇಳುವುದು ಎರಾಸ್ಮಸ್ ಮುಂಡುಸ್, ಅಂದರೆ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎಂಎಗೆ ಯುರೋಪಿಯನ್ ಒಕ್ಕೂಟ ವಿದ್ಯಾರ್ಥಿವೇತನ ಕೊಡುವ ಯೋಜನೆ. ಮಧ್ಯ ಮತ್ತು ಪೂರ್ವ ಯುರೋಪ್, ರಷ್ಯಾ, ಯುರೇಷ್ಯಾ ಅಧ್ಯಯನಕ್ಕೆ ಗ್ಲಾಸ್ಗೋ ವಿಶ್ವವಿದ್ಯಾಲಯ ಮುಂದೆ ನಿಂತು ನಡೆಸುವ ಎರಡು ವರ್ಷದ ಕೋರ್ಸ್ ಇದೆ, ಎಸ್ಟೋನಿಯಾದ ಟಾರ್ಟು, ಪೋಲೆಂಡಿನ ಕ್ರಾಕೋದ ಯಾಗಿಯೆಲ್ಲೋನಿಯನ್ ಎಲ್ಲ ಅದರಲ್ಲಿ ಸೇರಿವೆ. ವಿದ್ಯಾರ್ಥಿವೇತನ ಸಿಕ್ಕರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ, ಯಾವ ದೇಶದವರೂ ಅರ್ಜಿ ಹಾಕಬಹುದು. ಮಧ್ಯ ಏಷ್ಯಾದಲ್ಲೇ ಇದ್ದು ಓದುವ ಆಸೆ ಇದ್ದರೆ ಕಜಕಿಸ್ತಾನದ ಅಸ್ತಾನಾದ ನಜರ್ಬಾಯೆವ್ ವಿಶ್ವವಿದ್ಯಾಲಯದಲ್ಲಿ ಯುರೇಷ್ಯಾ ಅಧ್ಯಯನದ ಎಂಎ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ನಿಮ್ಮ ವಿಷಯಕ್ಕೆ ನನ್ನ ಮನಸ್ಸು ಅಸ್ತಾನಾ ಕಡೆಗೇ ವಾಲುತ್ತದೆ, ಹಾಸ್ಟೆಲ್ಲಿನಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ಭಾಷೆಯೂ ಪಾಠವೇ ಅಲ್ವಾ.

ಪದಕೋಶ

ನಾನು ಅನುವಾದಕಿ. ರಷ್ಯನ್‌ನಿಂದ ಇಂಗ್ಲಿಷ್‌ಗೆ, ಹನ್ನೊಂದು ವರ್ಷದಿಂದ. ಪಾಠ ಮಾಡುವುದು ಬಿಟ್ಟು ಬೇರೆ ಕೆಲಸ ಏನು ಅನ್ನುವುದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಬಿ1 ಇಟ್ಟುಕೊಂಡು ಅನುವಾದದ ಕೆಲಸ ಕೇಳಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ರಷ್ಯನ್, ಪೋಲಿಷ್, ಉಜ್ಬೇಕ್ ಇವಕ್ಕೆಲ್ಲ 44 ವಾರ, ಸುಮಾರು 1,100 ಗಂಟೆಯ ತರಗತಿ ಬೇಕು ಅಂತ ಲೆಕ್ಕ ಇಟ್ಟಿದೆ. ಅದು ದಿನವಿಡೀ ಕೂತು ಕಲಿಯುವವರಿಗೆ. ನಮಗೆಲ್ಲ ಇನ್ನೂ ಜಾಸ್ತಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ರಷ್ಯನ್ ಒಂದು ನಿಜ, ಅದಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯೂ ಇದೆ. ಆದರೆ ಅನುವಾದಕರು ಯಾವಾಗಲೂ ತಮಗೆ ಅತ್ಯಂತ ಗಟ್ಟಿಯಾಗಿರುವ ಭಾಷೆಗೇ ಅನುವಾದ ಮಾಡುತ್ತಾರೆ. ನಿಮ್ಮ ಕೈಹಿಡಿಯುವುದು ರಷ್ಯನ್ ಎಷ್ಟು ಬರುತ್ತದೆ ಅನ್ನುವುದಕ್ಕಿಂತ ನೀವು ಬರೆಯುವ ಭಾಷೆ ಎಷ್ಟು ಚೊಕ್ಕವಾಗಿದೆ ಅನ್ನೋದು.

ಇನ್ನೊಂದು ಎಚ್ಚರಿಕೆ. ಯುರೋಪಿನ ಭದ್ರತಾ ಸಂಸ್ಥೆ ಒಎಸ್‌ಸಿಇಯಲ್ಲೂ ರಷ್ಯನ್ ಒಂದು ಕೆಲಸದ ಭಾಷೆ. ಎಲ್ಲರೂ ಅಲ್ಲಿಗೆ ಅರ್ಜಿ ಹಾಕಿ ಅನ್ನುತ್ತಾರೆ. ಅಲ್ಲಿನ ಹೆಚ್ಚಿನ ಹುದ್ದೆಗಳು ಅದರ 57 ಸದಸ್ಯ ದೇಶಗಳವರಿಗೆ ಮಾತ್ರ. ಮೊದಲು ಆ ಸಾಲು ಓದಿ, ಆಮೇಲೆ ಅರ್ಜಿಗೆ ಕೂರಿ. ನಾನು ಓದದೇ ಒಂದು ವಾರ ಹಾಳು ಮಾಡಿಕೊಂಡಿದ್ದೆ.

ಸುಲಭದ ಕಾಗದಪತ್ರಗಳ ಅನುವಾದ ಈಗ ಯಂತ್ರಕ್ಕೆ ಹೋಗಿದೆ. ಉಳಿದಿರುವುದು ಕೋರ್ಟು, ಔಷಧ ಪ್ರಯೋಗ, ಒಪ್ಪಂದ, ಸಾಹಿತ್ಯ, ಅಂದರೆ ತಪ್ಪಾದರೆ ಯಾರೋ ಜವಾಬ್ದಾರಿ ಹೊರಬೇಕಾದ ಕೆಲಸ. ಉಕ್ರೇನ್, ಮಾಲ್ಡೋವಾ ಎರಡೂ 2022ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ಅಭ್ಯರ್ಥಿ ದೇಶಗಳಾದವು, 2024ರಲ್ಲಿ ಮಾತುಕತೆ ಶುರುವಾಯಿತು. ಒಕ್ಕೂಟದ ಸಾವಿರಾರು ಪುಟಗಳ ಕಾನೂನು ಅವರ ಭಾಷೆಗೆ ಬರಬೇಕು, ಅವರ ಕಾನೂನನ್ನು ಬ್ರಸೆಲ್ಸ್‌ನವರು ಓದಬೇಕು. ಉಕ್ರೇನಿಯನ್ ಕಲಿತ ನನ್ನ ಗೆಳತಿಗೆ ಈಗ ಉಸಿರಾಡಲು ಬಿಡುವಿಲ್ಲ.

ಉಜ್ಬೇಕ್ ಬಗ್ಗೆ ಒಂದು ಸಂತೋಷದ ಮಾತು. ನಮಗೆ ಅದು ರಷ್ಯನ್‌ಗಿಂತ ಹತ್ತಿರ ಅನ್ನಿಸುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಲಿಂಗದ ತಾಪತ್ರಯ ಇಲ್ಲ, ಪ್ರತ್ಯಯಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತಾರೆ. ಕಿತೋಬ್ ಅಂದರೆ ಪುಸ್ತಕ, ಕಿತೋಬ್‌ಲರ್ ಅಂದರೆ ಪುಸ್ತಕಗಳು, ಕಿತೋಬ್‌ಲರಿಮಿಜ್‌ದ ಅಂದರೆ ನಮ್ಮ ಪುಸ್ತಕಗಳಲ್ಲಿ. ಕನ್ನಡ ಮಾತಾಡುವವರಿಗೆ ಈ ಜೋಡಣೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಹೆಸರಿನಬೆನ್ನು

ಮೇಲಿನವರು ಹೇಳದೇ ಬಿಟ್ಟ ಒಂದು ಕೆಲಸ ಇದೆ. ನಾನು ಅದರಲ್ಲೇ ಇದ್ದೇನೆ. ಬ್ಯಾಂಕುಗಳು, ವಕೀಲರ ಸಂಸ್ಥೆಗಳು, ಸರಕು ವಿಮೆಯವರು, ಇವರಿಗೆಲ್ಲ 2022ರಿಂದ ರಷ್ಯಾದ ಮೇಲೆ ಹೇರಿರುವ ಆರ್ಥಿಕ ನಿರ್ಬಂಧಗಳ ಪರಿಶೀಲನೆ ಮಾಡುವ ಜನ ಬೇಕು. ಅಮೆರಿಕದ ಖಜಾನೆ ಇಲಾಖೆಯ ನಿಯಮ ನೋಡಿ. ನಿರ್ಬಂಧಕ್ಕೊಳಗಾದವರ ಕೈಯಲ್ಲಿ ಒಂದು ಕಂಪನಿಯ ಶೇಕಡಾ 50 ಅಥವಾ ಹೆಚ್ಚು ಪಾಲಿದ್ದರೆ, ಆ ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದರ ಜೊತೆ ವ್ಯವಹಾರ ಮಾಡುವಂತಿಲ್ಲ. ಹಾಗಾದರೆ ಪಾಲು ಯಾರದು ಅಂತ ಹುಡುಕುವವರು ಯಾರು? ರಷ್ಯನ್ ನೋಂದಣಿ ದಾಖಲೆ ಓದಬಲ್ಲವರು.

ಇಲ್ಲಿ ಭಾಷೆಯ ಜೊತೆ ಆ ನಾಡಿನ ಪರಿಚಯವೂ ಬೇಕು. ಸೆರ್ಗೇಯ್ ಅನ್ನುವ ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಥರ ಬರೆಯುತ್ತಾರೆ, ಅದೇ ಮನುಷ್ಯ ಉಕ್ರೇನಿನ ಕಾಗದದಲ್ಲಿ ಸೆರ್ಹಿಯ್ ಆಗಿರುತ್ತಾನೆ. ತಜಕಿಸ್ತಾನದ ಅಧ್ಯಕ್ಷರು 2007ರಲ್ಲಿ ರಹ್ಮೊನೋವ್‌ನಿಂದ ಕೊನೆಯ ಓವ್ ತೆಗೆದು ರಹ್ಮೋನ್ ಆದರು, ಅವರ ಹಿಂದೆ ಎಷ್ಟೋ ಜನ ಹಾಗೇ ಮಾಡಿದರು. ಹಳೆ ದಾಖಲೆಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಇದು ಗೊತ್ತಿಲ್ಲದ ಸಾಫ್ಟ್‌ವೇರ್ ಇಬ್ಬರು ಅಂತ ತೋರಿಸುತ್ತದೆ. ಇತಿಹಾಸ ಓದಿದವರು ಒಬ್ಬರೇ ಅಂತ ಹಿಡಿಯುತ್ತಾರೆ. ಪಿಎಚ್‌ಡಿ ಬೇಕಿಲ್ಲ, ಎಂಎ ಸಾಕು. ಜೊತೆಗೆ ಕಂಪನಿ ಲೆಕ್ಕಪತ್ರ ಓದುವುದನ್ನು ಸ್ವಲ್ಪ ಕಲಿತಿರಬೇಕು. ತನಿಖಾ ಪತ್ರಿಕೋದ್ಯಮಕ್ಕೂ ಇದೇ ಕೌಶಲ ಬೇಕು, ಆದರೆ ಅಲ್ಲಿ ಸಂಬಳ ಕಡಿಮೆ, ಅಪಾಯ ಜಾಸ್ತಿ.

ಕಪ್ಪುಶಾಯಿ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಉಜ್ಬೇಕ್ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ, ರಷ್ಯನ್‌ನಲ್ಲೇ ಎಲ್ಲ ಸಿಗುತ್ತದೆ ಅಂದುಕೊಂಡಿದ್ದೆ. ಈಗ ಅದು ಎಷ್ಟು ತಪ್ಪು ಅಂತ ಕಾಣುತ್ತಿದೆ. ಪಿಎಚ್‌ಡಿ ಬಿಟ್ಟವರು ಯಾರಾದರೂ ಇದ್ದರೆ ಅವರ ಮಾತೂ ಬೇಕು.

ನಡುದಾರಿ

ನಾನು ಬಿಟ್ಟವನು. ಮೂರನೇ ವರ್ಷದಲ್ಲಿ. ಓದಿನಲ್ಲಿ ಆಸಕ್ತಿ ಹೋಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾರ್ಗದರ್ಶಕರು ನಿವೃತ್ತರಾದರು, ವಿಭಾಗವನ್ನು ಇನ್ನೊಂದು ದೊಡ್ಡ ವಿಭಾಗದೊಳಗೆ ಸೇರಿಸಿದರು, ನಾಲ್ಕನೇ ವರ್ಷದ ಹಣ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿದ್ದು ಬಾಯಲ್ಲೇ ಉಳಿಯಿತು. ನಾನು ಅದನ್ನು ಬರಹದಲ್ಲಿ ಕೇಳಿರಲಿಲ್ಲ. ನೀವು ಕೇಳಿ. ಎಷ್ಟು ವರ್ಷ, ಎಷ್ಟು ಹಣ, ಪಾಠ ಮಾಡಬೇಕಾ, ವಾರಕ್ಕೆ ಎಷ್ಟು ಗಂಟೆ, ಎಲ್ಲ ಪತ್ರದಲ್ಲಿ ಇರಲಿ. ಮತ್ತೆ ಸ್ವಂತ ದುಡ್ಡು ಹಾಕಿ ಪಿಎಚ್‌ಡಿ ಮಾಡಬೇಡಿ, ಯಾರು ಎಷ್ಟೇ ಒಳ್ಳೆಯ ಹೆಸರಿನ ಜಾಗಕ್ಕೆ ಕರೆದರೂ.

ಸ್ವೀಡನ್‌ನಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ನಾಲ್ಕು ವರ್ಷದ ಓದಿನ ಅವಧಿ, ಫೀಸ್ ಇಲ್ಲ. ಉಪ್ಸಲಾದಲ್ಲಿ ರಷ್ಯಾ ಮತ್ತು ಯುರೇಷ್ಯಾ ಅಧ್ಯಯನಕ್ಕೆ ಸಂಸ್ಥೆ ಇದೆ, ಸ್ಟಾಕ್‌ಹೋಮ್ ಹತ್ತಿರದ ಸೋಡರ್‌ಟೋರ್ನ್‌ನಲ್ಲಿ ಬಾಲ್ಟಿಕ್ ಮತ್ತು ಪೂರ್ವ ಯುರೋಪಿನ ಕೇಂದ್ರ ಇದೆ. ಹುದ್ದೆ ಖಾಲಿಯಾದಾಗ ಜಾಹೀರಾತು ಬರುತ್ತದೆ, ಕೆಲಸಕ್ಕೆ ಹಾಕಿದಂತೆಯೇ ಅರ್ಜಿ ಹಾಕಬೇಕು. ಅಮೆರಿಕದಲ್ಲಿ ಒಳ್ಳೆಯ ವಿಭಾಗಗಳು ಫೀಸ್ ಮನ್ನಾ ಮಾಡಿ ಖರ್ಚಿಗೂ ಕೊಡುತ್ತವೆ, ಬದಲಿಗೆ ಮೊದಲ ವರ್ಷದ ರಷ್ಯನ್ ತರಗತಿಗೆ ನೀವು ಪಾಠ ಮಾಡಬೇಕು. ಆದರೆ ಅಲ್ಲಿ ಸಂಶೋಧನೆಗೆ ಸಿಗುತ್ತಿದ್ದ ಹೊರಗಿನ ಹಣಕ್ಕೆ ದೊಡ್ಡ ಹೊಡೆತ ಬಿದ್ದಿದೆ. 1983ರ ಕಾನೂನಿನಿಂದ ನಡೆದುಬಂದಿದ್ದ ಟೈಟಲ್ 8 ಅನುದಾನಗಳನ್ನು 2025ರಲ್ಲಿ ನಿಲ್ಲಿಸಿದರು. ಹೊರದೇಶದ ವಿದ್ಯಾರ್ಥಿಗಳಿಗೆ ಅದು ನೇರವಾಗಿ ಸಿಗುತ್ತಿದ್ದುದು ಕಡಿಮೆ, ಆದರೂ ಬೇಸಿಗೆಯ ಭಾಷಾ ಶಿಬಿರಗಳು ಆ ಹಣದ ಮೇಲೆ ನಿಂತಿದ್ದವು.

ಅರ್ಜಿ ಹಾಕುವ ಮೊದಲು ಪ್ರತಿ ವಿಭಾಗಕ್ಕೂ ಒಂದು ಪ್ರಶ್ನೆ ಕೇಳಿ. ಕಳೆದ ಹತ್ತು ವರ್ಷದಲ್ಲಿ ಇಲ್ಲಿಂದ ಹೊರಬಿದ್ದವರು ಈಗ ಎಲ್ಲಿದ್ದಾರೆ, ಬಿಟ್ಟುಹೋದವರನ್ನೂ ಸೇರಿಸಿ ಹೇಳಿ ಅಂತ. ನೇರವಾಗಿ ಉತ್ತರ ಕೊಡುವ ಜಾಗವನ್ನು ನಂಬಬಹುದು. ಅಧ್ಯಾಪಕ ಹುದ್ದೆಗಳು ತುಂಬಾ ಕಡಿಮೆ. ಬರುವ ಹುದ್ದೆಗಳಲ್ಲೂ ಬರೀ ಸಾಹಿತ್ಯ ಅಂತ ಇರುವುದಿಲ್ಲ, ಭಾಷೆ ಕಲಿಸಬೇಕು, ಸಿನಿಮಾ ಹೇಳಬೇಕು, ಇನ್ನೊಂದು ಭಾಷೆಯೂ ಬರಬೇಕು.

ನಾನು ಈಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸ್ಲಾವಿಕ್ ಸಂಗ್ರಹ ನೋಡಿಕೊಳ್ಳುತ್ತೇನೆ. ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ಪುಸ್ತಕಗಳನ್ನು ಕ್ಯಾಟಲಾಗ್‌ಗೆ ಸೇರಿಸುವುದು, ವಲಸೆ ಬಂದವರು ಕೊಟ್ಟ ಪತ್ರಗಳ ಪೆಟ್ಟಿಗೆಗಳನ್ನು ಜೋಡಿಸುವುದು. ಹೋದ ತಿಂಗಳು ಒಂದು ಪೆಟ್ಟಿಗೆಯಲ್ಲಿ 1930ರ ದಶಕದ ಮನೆಪತ್ರಗಳು ಸಿಕ್ಕವು, ಮೂರು ದಿನ ಬೇರೇನೂ ಮಾಡಲು ಮನಸ್ಸು ಬರಲಿಲ್ಲ. ಬಿಟ್ಟೆ ಅಂದರೂ ವಿಷಯ ನನ್ನನ್ನು ಬಿಟ್ಟಿಲ್ಲ.

ಕಪ್ಪುಶಾಯಿ

ನಿಮ್ಮ ಮಾತು ಓದಿ ಮನೆಯಲ್ಲಿ ತೋರಿಸಿದೆ. ಮೊದಲ ಸಲ ಕೂತು ಪೂರ್ತಿ ಕೇಳಿದರು. ಈ ವರ್ಷ ಎರಾಸ್ಮಸ್‌ಗೂ ಅಸ್ತಾನಾಗೂ ಹಾಕುತ್ತೇನೆ, ಹಣ ಸಿಗದಿದ್ದರೆ ಹೋಗುವುದಿಲ್ಲ, ಇನ್ನೊಂದು ವರ್ಷ ಭಾಷೆ ಗಟ್ಟಿ ಮಾಡಿಕೊಳ್ಳುತ್ತೇನೆ. ಕೊನೆಯದಾಗಿ ಒಂದು. ಉಜ್ಬೇಕ್‌ಗೆ ಎರಡು ಲಿಪಿಯ ಪುಸ್ತಕಗಳು ಕಾಣುತ್ತಿವೆ, ಲ್ಯಾಟಿನ್ ಮತ್ತು ಸಿರಿಲಿಕ್. ಯಾವುದರಲ್ಲಿ ಶುರು ಮಾಡಲಿ?

ಹಳೆಕಡತ

ಲ್ಯಾಟಿನ್‌ನಲ್ಲಿ ಶುರು ಮಾಡಿ, 1993ರ ಕಾನೂನಿನಿಂದ ಶಾಲೆಯ ಪುಸ್ತಕಗಳು ಆ ಲಿಪಿಗೆ ಬಂದವು. ಸಿರಿಲಿಕ್ ನಿಮಗೆ ಆಗಲೇ ಬರುತ್ತದೆ, 1940ರಿಂದ ಸೋವಿಯತ್ ಕೊನೆಯವರೆಗಿನದೆಲ್ಲ ಅದರಲ್ಲೇ ಇದೆ. ಅದಕ್ಕೂ ಹಿಂದೆ ಹತ್ತು ಹನ್ನೆರಡು ವರ್ಷ ಬೇರೊಂದು ಲ್ಯಾಟಿನ್ ಇತ್ತು, ಅದು ಇವತ್ತಿನದಲ್ಲ. ಆದರೆ ನಿಮ್ಮ ವರ್ಷ 1927. ಆಗಿನ್ನೂ ಉಜ್ಬೇಕ್ ಪತ್ರಿಕೆಗಳು ಬರುತ್ತಿದ್ದುದು ಅರಬ್ಬೀ ಲಿಪಿಯಲ್ಲಿ. ಆ ಹೆಂಗಸರ ಬಗ್ಗೆ ಅವರ ಭಾಷೆಯಲ್ಲಿ ಅಚ್ಚಾದದ್ದು ಓದಬೇಕಾದರೆ ಅದೂ ಬೇಕು. ವ್ಯಾಕರಣ ಒಂದು ವರ್ಷ ಆಗಲಿ, ಆಮೇಲೆ ಲಿಪಿಗೆ ಕೈ ಹಾಕಿ. ಆಗ ಇಲ್ಲೇ ಬರೆಯಿರಿ, ನಾನು ಅಭ್ಯಾಸಕ್ಕೆ ಇಟ್ಟುಕೊಂಡಿರುವ ಹಳೆ ಪತ್ರಿಕೆಯ ಪುಟಗಳಿವೆ, ಕೊಡುತ್ತೇನೆ.