ಏಸ್ ಅಂಕ 4 ದಾಟಿದ ವಿದ್ಯಾರ್ಥಿಗಳನ್ನು ಸಮಾಲೋಚನೆಗೆ ಕಳಿಸಬೇಕೇ?

ಎಂಎ_ಮನಃಶಾಸ್ತ್ರ:
ಪದವಿ ವಿದ್ಯಾರ್ಥಿಗಳ ಸರ್ವೆಗೆ 10 ಪ್ರಶ್ನೆಗಳ ಏಸ್ ಪಟ್ಟಿ (ಬಾಲ್ಯದ ಹಿಂಸೆ, ನಿರ್ಲಕ್ಷ್ಯ, ಮನೆಯ ತೊಂದರೆಗಳ ಎಣಿಕೆ) ಮತ್ತು ಕೆಸ್ಲರ್ ಕೆ10 (ಮಾನಸಿಕ ಸಂಕಟ ಅಳೆಯುವ 10 ಪ್ರಶ್ನೆಗಳ ಪಟ್ಟಿ) ಬಳಸುತ್ತಿದ್ದೇವೆ. ಹೆಸರು ಕೇಳುತ್ತಿಲ್ಲ. ಏಸ್ 4 ಅಥವಾ ಹೆಚ್ಚು ಬಂದವರನ್ನು ಗುರುತಿಸಿ ಆಪ್ತಸಮಾಲೋಚನೆಗೆ ಕಳಿಸಿ ಎನ್ನುತ್ತಾರೆ ಗೈಡ್. ಇದು ಸರಿಯೇ? ಏಸ್ ಪಟ್ಟಿಯ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂಬ ಅಳತೆ) ಕಡಿಮೆ ಬಂದಿದೆ, ಒಂದೆರಡು ಪ್ರಶ್ನೆ ಕಿತ್ತುಹಾಕಲೇ?

ಅಳತೆಗೋಲು:
ಕಿತ್ತುಹಾಕಬೇಡಿ. ತಂದೆತಾಯಿ ಬೇರೆಯಾಗುವುದಕ್ಕೂ ಹೊಡೆತ ತಿನ್ನುವುದಕ್ಕೂ ಒಂದಕ್ಕೊಂದು ತಾಳೆಯಾಗಲೇಬೇಕೆಂಬ ನಿಯಮವಿಲ್ಲ. ಏಸ್ ಬರೀ ಎಣಿಕೆ, ಅದಕ್ಕೆ ಆಲ್ಫಾ ಹೊಂದುವುದೇ ಇಲ್ಲ. ಆಲ್ಫಾ ಬೇಕೇ ಬೇಕೆಂದರೆ 28 ಪ್ರಶ್ನೆಗಳ ಸಿಟಿಕ್ಯೂ (ಬಾಲ್ಯದ ಆಘಾತದ ಪ್ರಶ್ನಾವಳಿ) ಕಿರುರೂಪ ನೋಡಿ: ಐದು ಬಗೆಯ ಹಿಂಸೆ, ನಿರ್ಲಕ್ಷ್ಯಕ್ಕೆ ಐದೈದು ಪ್ರಶ್ನೆ, ಉಳಿದ 3 'ನಮ್ಮ ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು' ಎಂದು ತೇಲಿಸಿಬಿಡುವವರನ್ನು ಹಿಡಿಯಲು.

4ರ ಗೆರೆ ಬಂದದ್ದು ಫೆಲಿಟಿ, ಆಂಡಾ ಮುಂತಾದವರ 1998ರ ಮೂಲ ಏಸ್ ಅಧ್ಯಯನದಿಂದ. ಅದರಲ್ಲಿ 0 ಇದ್ದವರಿಗೆ ಹೋಲಿಸಿದರೆ 4 ಅಥವಾ ಹೆಚ್ಚು ಇದ್ದವರ ಗುಂಪಿನಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು. ಗುಂಪಿನ ಮಾತು ಅದು. ಒಬ್ಬೊಬ್ಬರನ್ನು ಜರಡಿ ಹಿಡಿಯಲು ಈ ಅಂಕ ತಕ್ಕದ್ದಲ್ಲ ಎಂದು 2020ರಲ್ಲಿ ಆಂಡಾ ಅವರೇ ಸಹಲೇಖಕರೊಂದಿಗೆ ಬರೆದಿದ್ದಾರೆ. ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯಕ್ಕೂ 1 ಅಂಕ, ವಿಚ್ಛೇದನಕ್ಕೂ 1 ಅಂಕ. ಯಾವ ವಯಸ್ಸು, ಎಷ್ಟು ಕಾಲ, ಜೊತೆಗೆ ನಿಂತವರು ಯಾರಾದರೂ ಇದ್ದರೇ ಎಂಬುದು ಅಂಕದಲ್ಲಿ ಕಾಣುವುದಿಲ್ಲ.

ನೆರವು ಬೇಕಾದವರನ್ನು ಹುಡುಕುವುದಾದರೆ ಕೆ10 ನೋಡಿ, ಅದು ಕಳೆದ 30 ದಿನಗಳದ್ದು. ಪ್ರತಿ ಪ್ರಶ್ನೆಗೆ 1ರಿಂದ 5, ಒಟ್ಟು 10ರಿಂದ 50. ಫಾರ್ಮ್ 0–4 ಎಂದು ಕೋಡ್ ಮಾಡಿದರೆ ಮೊತ್ತ 10 ಇಳಿಯುತ್ತದೆ. ಆಗ 'ತೀವ್ರ' ಎನ್ನಲು ಬಳಸುವ 30ರ ಗೆರೆಯನ್ನೇ ಹಾಕಿದರೆ ತೀವ್ರ ಸಂಕಟದಲ್ಲಿರುವವರು ಕೈತಪ್ಪುತ್ತಾರೆ.

ದತ್ತಾಂಶ_ಮೇಜು:
ಖಾಲಿ ಬಿಟ್ಟ ಉತ್ತರವನ್ನು 0 ಎಂದು ತುಂಬಬೇಡಿ. ಲೈಂಗಿಕ ದೌರ್ಜನ್ಯದ ಪ್ರಶ್ನೆ ದಾಟಿಹೋದವರೆಲ್ಲ 'ಏನೂ ಆಗಿಲ್ಲ' ಎಂಬ ಲೆಕ್ಕಕ್ಕೆ ಬಿದ್ದುಬಿಡುತ್ತಾರೆ.

ನೆನಪಿನ ವಿಷಯವೂ ಇದೆ. ಬಾಲ್ಯದಲ್ಲೇ ಹಿಂಸೆ ದಾಖಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದೊಡ್ಡವರಾದ ಮೇಲೆ ಅದನ್ನು ಹೇಳುವುದಿಲ್ಲ, ಹೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಆಗ ದಾಖಲಾಗಿರುವುದಿಲ್ಲ ಎಂದು 2019ರ ಒಂದು ಮೆಟಾ ವಿಶ್ಲೇಷಣೆ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವುದು) ತೋರಿಸಿದೆ. ಹೇಳುವವರು ಸುಳ್ಳಾಡುತ್ತಾರೆಂದು ಅರ್ಥವಲ್ಲ, ಎಷ್ಟೋ ಹಿಂಸೆ ಯಾವ ದಾಖಲೆಗೂ ಸಿಗುವುದೇ ಇಲ್ಲ. ಆದರೆ ಒಂದೇ ಸಲ ಮಾಡಿದ ಸರ್ವೆಯಿಂದ 'ಇದರಿಂದಲೇ ಸಂಕಟ' ಎಂದು ಬರೆಯಲಾಗದು. ಸರ್ವೆಗೆ ಪರೀಕ್ಷೆಯ ತಿಂಗಳೂ ಬೇಡ, ಕೆ10 ಅಂಕ ಎಲ್ಲರದ್ದೂ ಏರಿರುತ್ತದೆ.

ಆಪ್ತಸಮಾಲೋಚಕಿ:
ಹೆಸರಿಲ್ಲದ ಸರ್ವೆಯಲ್ಲಿ 'ಕಳಿಸುವುದು' ಹೇಗೆ? ಐಪಿ ವಿಳಾಸ, ಇಮೇಲ್ ಹಿಡಿದು ಹುಡುಕಿದರೆ ಕೊಟ್ಟ ಮಾತಿಗೆ ತಪ್ಪಿದಂತೆ. ಈಗಾಗಲೇ ಒಮ್ಮೆ ನಂಬಿಕೆ ಮುರಿದವರ ಪಾಲಿಗೆ ಇದು ಎರಡನೇ ಪೆಟ್ಟು. ಗೈಡ್‌ಗೆ ಇದನ್ನೇ ಮೊದಲು ಹೇಳಿ.

ಸಹಾಯವಾಣಿಯ ಸಂಖ್ಯೆ ಪ್ರತಿ ಪುಟದ ಅಡಿಯಲ್ಲೂ ಇರಲಿ, ಮಧ್ಯದಲ್ಲೇ ಬಿಟ್ಟುಹೋಗುವವರು ಕೊನೆಯ ಪುಟ ನೋಡುವುದಿಲ್ಲ. ಹಿಂಸೆಯ ಪ್ರಶ್ನೆಗಳಿವೆ ಎಂದು ಒಪ್ಪಿಗೆ ಪತ್ರದಲ್ಲೇ ಬಿಡಿಸಿ ಹೇಳಿ. ಅವು ಮಧ್ಯದಲ್ಲಿರಲಿ, ಕೊನೆಗೆ ಹಗುರವಾದ ನಾಲ್ಕಾರು ಪ್ರಶ್ನೆ ಬರಲಿ. ತರಗತಿಯಲ್ಲಿ ಕೂರಿಸಿ ತುಂಬಿಸಬೇಡಿ, ಪಕ್ಕದವರ ಕಣ್ಣು ಪರದೆಯ ಮೇಲಿರುತ್ತದೆ.

ಮಾತಾಡಬೇಕೆನಿಸಿದವರಿಗೆ ಪ್ರತ್ಯೇಕ ಫಾರ್ಮ್‌ನ ಲಿಂಕ್ ಕೊಡಿ. ಅಂಕ ಎಷ್ಟೇ ಬರಲಿ, ಎಲ್ಲರಿಗೂ ಕಾಣಲಿ. ಸರ್ವೆಯ ಉತ್ತರಗಳೊಂದಿಗೆ ಅದು ಸೇರಬಾರದು.

ಎಂಎ_ಮನಃಶಾಸ್ತ್ರ:
ಆ ಫಾರ್ಮ್‌ನಲ್ಲಿ ಏನೇನು ಕೇಳಬೇಕು?

ಆಪ್ತಸಮಾಲೋಚಕಿ:
ಯಾವ ಹೆಸರಿನಿಂದ ಕರೆಯಬೇಕು, ಯಾವ ನಂಬರ್, ಯಾವ ಹೊತ್ತು, ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕು. ಇಷ್ಟೇ. ಮನೆಯ ವಿಳಾಸ, ಪೋಷಕರ ನಂಬರ್ ಬೇಡವೇ ಬೇಡ. ನೋಯಿಸಿದವರೇ ಆ ಕರೆ ಎತ್ತಬಹುದು. ಫಾರ್ಮ್ ನೋಡುವವರು ಯಾರು, ಎಷ್ಟು ಗಂಟೆಯೊಳಗೆ ಕರೆ ಮಾಡುತ್ತಾರೆ ಎಂಬುದನ್ನು ಸರ್ವೆ ತೆರೆಯುವ ಮೊದಲೇ ನಿಗದಿ ಮಾಡಿ ಫಾರ್ಮ್‌ನ ತಲೆಯಲ್ಲೇ ಬರೆಯಿರಿ.