ಹಿತ್ತಲ ಗೇಟಿನ ಬೀಗ: ಮನೆಯವರ ಗುಂಪಿನಲ್ಲಿ ನಡೆದ ಮಾತು

ಅಣ್ಣ: (ಫೋಟೊ) ಹಿತ್ತಲ ಗೇಟಿಗೆ ಈ ನಂಬರ್ ಬೀಗ ತರೋಣ ಅಂತಿದ್ದೇನೆ. ನಾಲ್ಕು ಚಕ್ರ ಇದೆ. ಕೀ ಹುಡುಕುವ ತಾಪತ್ರಯವೇ ಇಲ್ಲ.

ಚಿಕ್ಕಪ್ಪ: ಬೇಡಪ್ಪ. ಮಳೆಗೆ ನೆನೆದು ಧೂಳು ಕೂತರೆ ಆ ಚಕ್ರ ತಿರುಗಲ್ಲ. ಹಿತ್ತಾಳೆ ಬೀಗ ತನ್ನಿ, ತುಕ್ಕು ಹಿಡಿಯಲ್ಲ.

ನಾನು: ಬೀಗ ಹಿತ್ತಾಳೆ ಚಿಕ್ಕಪ್ಪ, ಅದರ ಕೊಂಡಿ ಕಬ್ಬಿಣದ್ದೇ ಅಲ್ವಾ? ಸ್ಟೇನ್‌ಲೆಸ್ ಕೊಂಡಿ ಇದ್ದರೆ ಸರಿ.

ಅಣ್ಣ: ನಂಬರ್ ಬೀಗದಲ್ಲಿ 10,000 ಜೋಡಣೆ ಇವೆ. ಯಾರು ಕೂತು ತಿರುಗಿಸುತ್ತಾರೆ?

ತಂಗಿ: ಅಷ್ಟೆಲ್ಲ ಯಾಕೆ ತಿರುಗಿಸಬೇಕು? ನೀನು ಇಡುವುದು ನೀನು ಹುಟ್ಟಿದ ಇಸವಿ. ನಿನ್ನ ಫೋನಿಗೂ ಅದೇ.

ಅಣ್ಣ: ಅದನ್ನು ಗುಂಪಿನಲ್ಲಿ ಹೇಳಬೇಕಿತ್ತಾ?

ನಾನು: ಬೀಗದ ಮಾತು ಆಮೇಲೆ. ಬೆಳಿಗ್ಗೆ ಗೇಟು ನೋಡಿ ಬಂದೆ. ಚಿಲಕದ ಪಟ್ಟಿಯ ನಾಲ್ಕೂ ಸ್ಕ್ರೂ ಹೊರಗಡೆಯೇ ಕಾಣುತ್ತವೆ. ಒಂದನ್ನು ಉಗುರಲ್ಲಿ ತಿರುಗಿಸಿದೆ, ಹೊರಗೆ ಬಂತು. ಮರದ ಪುಡಿಯೂ ಜೊತೆಗೆ ಬಂತು. ಕಳ್ಳ ಬೀಗವನ್ನು ಮುಟ್ಟುವುದೇ ಬೇಡ. ಪಟ್ಟಿ ಕಿತ್ತರೆ ಬೀಗವೂ ಅದರ ಜೊತೆ ಬರುತ್ತದೆ.

ಅಣ್ಣ: ಸ್ವಲ್ಪ ಉದ್ದದ ಸ್ಕ್ರೂ ಹಾಕಿದರಾಯ್ತು.

ನಾನು: ಮೆತ್ತಗಾದ ಮರಕ್ಕಾ? ಆರಪಾರ ಬೋಲ್ಟ್ ಹಾಕಿ, ಒಳಗಡೆ ವಾಷರ್ ಇಟ್ಟು ನಟ್ಟು ಬಿಗಿಯಬೇಕು. ಹೊರಗಿನ ತಲೆ ದುಂಡಗಿರಲಿ, ಸ್ಪ್ಯಾನರ್‌ಗೆ ಸಿಗಬಾರದು. ಬೀಗ ಹಾಕಿದಾಗ ಸ್ಕ್ರೂಗಳನ್ನು ಮುಚ್ಚುವಂಥ ಪಟ್ಟಿಯೂ ಬರುತ್ತದೆ.

ಚಿಕ್ಕಪ್ಪ: ಅದೆಲ್ಲ ಸರಿ, ಕೀಲಿನ ಕಡೆ ನೋಡಿದ್ಯಾ? ಬಣ್ಣ ಹೊಡೆಸುವಾಗ ಕೀ ಸಿಗಲಿಲ್ಲ ಅಂತ ಆ ಕಡೆಯಿಂದ ಗೇಟು ಎತ್ತಿ ಕಳಚಿದ್ದೆ. ಬೀಗ ಹಾಗೇ ನೇತಾಡುತ್ತಿತ್ತು.

ತಂಗಿ: 😂 ಇಷ್ಟು ದಿನ ನಾವು ಬೀಗ ಹಾಕಿದ್ದು ಯಾಕೆ?

ನಾನು: ಮೇಲಿನ ಕೀಲಿನ ಗೂಟವನ್ನು ಕೆಳಮುಖ ಮಾಡಿ ಹಾಕಿದರೆ ಎತ್ತಲು ಆಗಲ್ಲ. ಅದೊಂದು ಕೆಲಸ ಮೊದಲು.

ಅತ್ತಿಗೆ: ಬಾಗಿಲಿಗೆ ಇರುತ್ತದಲ್ಲ, ಎರಡೂ ಕಡೆಯಿಂದ ಕೀ ಹಾಕುವಂಥದ್ದು? ಅದನ್ನೇ ಗೇಟಿಗೆ ಕೂರಿಸಬಾರದಾ?

ನಾನು: ಕೂರಿಸಬಹುದು ಅತ್ತಿಗೆ. ಆದರೆ ಮಳೆಗಾಲದಲ್ಲಿ ಮರ ಉಬ್ಬಿ, ಗೇಟು ಜೋತರೆ ಅಗುಳಿ ತೂತಿಗೆ ಸರಿಯಾಗಿ ಕೂರಲ್ಲ. ಪಟ್ಟಿ, ಬೀಗ ಆದರೆ ಆಚೀಚೆ ಸ್ವಲ್ಪ ಆಡುತ್ತದೆ.

ಅಮ್ಮ: ದಿನಾ ಆ ಗೇಟು ತೆಗೆಯುವವಳು ನಾನು. ನನ್ನನ್ನು ಯಾರಾದರೂ ಕೇಳಿದಿರಾ? ಒಂದು ಕೈಯಲ್ಲಿ ಬಕೆಟ್ ಇರುತ್ತದೆ. ಕನ್ನಡಕ ಒಳಗಿರುತ್ತದೆ. ಅಂಕಿ ನೋಡುತ್ತಾ ನಿಲ್ಲಲಾ?

ಅಣ್ಣ: ಸರಿ ಅಮ್ಮ. ಕೀ ಇರುವ ಬೀಗವೇ ತರುತ್ತೇನೆ.

ಚಿಕ್ಕಪ್ಪ: ತಂದ ದಿನವೇ ಎಣ್ಣೆ ಬಿಡಿ.

ನಾನು: ಎಣ್ಣೆ ಬೇಡ, ಧೂಳು ಮೆತ್ತಿಕೊಳ್ಳುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು. ಭಾನುವಾರ ತೂತು ಕೊರೆಯೋಣ. ಡ್ರಿಲ್ ಯಾರ ಹತ್ತಿರ ಇದೆ?

ತಂಗಿ: ಹೋದ ವರ್ಷ ಅಣ್ಣ ಒಯ್ದಿದ್ದ.

ನಾನು: ಅಣ್ಣ?

ನಾನು: ನೀಲಿ ಟಿಕ್ ಬಂದಿದೆ ಅಣ್ಣ.