ಅಪ್‌ಡೇಟ್: ಬ್ಯಾಕಪ್ ಖಾಲಿ ಇದ್ದರೂ $? ಸೊನ್ನೆ, ಕಾರಣ ಸಿಕ್ಕಿತು

ವಿಜಯಪುರದ ನಮ್ಮ ಒಣದ್ರಾಕ್ಷಿ ಗೋದಾಮಿನ ಡೇಟಾಬೇಸ್ ಬ್ಯಾಕಪ್ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡನ್ನು ತಾನೇ ಓಡಿಸೋ ವ್ಯವಸ್ಥೆ) ಬರೀ 20 ಬೈಟ್ ಬರ್ತಿದೆ, ಆದರೂ $? (ಹಿಂದಿನ ಕಮಾಂಡ್ ಹೇಗೆ ಮುಗಿಯಿತು ಅಂತ ಹೇಳೋ ಸಂಖ್ಯೆ, 0 ಅಂದರೆ ಎಲ್ಲ ಸರಿ) 0 ಯಾಕೆ ಅಂತ ಕೇಳಿದ್ದೆ. ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಮುಂದಿನದಕ್ಕೆ ಕೊಡೋ ಜೋಡಣೆ) ನೋಡಿ ಅಂದವರಿಗೆ ತುಂಬಾ ಧನ್ಯವಾದ, ತಪ್ಪು ಅಲ್ಲೇ ಇತ್ತು.

$? ಹೇಳೋದು ಪೈಪಿನ ಕೊನೆಯ ಕಮಾಂಡಿನ ಸ್ಥಿತಿ ಮಾತ್ರ. ನನ್ನ ಪೈಪಿನಲ್ಲಿ ಮೊದಲು ಡೇಟಾ ಹೊರತೆಗೆಯೋ ಡಂಪ್ ಕಮಾಂಡ್, ಆಮೇಲೆ ಅದನ್ನು ಚಿಕ್ಕದು ಮಾಡೋ ಜಿಜಿಪ್. ಡಂಪ್‌ನಿಂದ ಏನೂ ಬರದಿದ್ದರೂ ಜಿಜಿಪ್ ಆ ಖಾಲಿಯನ್ನೇ ಒತ್ತಿ, 20 ಬೈಟ್ ಬರೆದು, 0 ಕೊಟ್ಟು ಮುಗಿಸ್ತಿತ್ತು. ಪೈಪಿನ ಪ್ರತಿ ಕಮಾಂಡಿನ ಸ್ಥಿತಿಯನ್ನೂ ಇಟ್ಟುಕೊಳ್ಳೋ ಬ್ಯಾಶ್ ಶೆಲ್‌ನ ಪೈಪ್‌ಸ್ಟೇಟಸ್ (PIPESTATUS) ಅರೇಯನ್ನು ಲಾಗ್‌ಗೆ ಬರೆಸಿದೆ: 127 0. 127 ಅಂದರೆ ಕಮಾಂಡೇ ಸಿಕ್ಕಿಲ್ಲ! ಕ್ರಾನ್‌ನ ಪಾತ್ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಬೇರೆ, ನನ್ನ ಟರ್ಮಿನಲ್‌ನದು ಬೇರೆ.

ಡಂಪ್ ಕಮಾಂಡ್ ಎಲ್ಲಿದೆ ಅಂತ ಪೂರ್ತಿ ವಿಳಾಸ ಕೊಟ್ಟು, ಪೈಪ್‌ಫೇಲ್ (ಪೈಪಿನಲ್ಲಿ ಯಾವ ಕಮಾಂಡ್ ಸೋತರೂ $? ಸೊನ್ನೆ ಆಗದಂತೆ ಮಾಡೋ ಆಯ್ಕೆ) ಆನ್ ಮಾಡಿದೆ. ನಡುವೆ ಒಂದು ಎಕೋ (ಸಾಲು ಬರೆಯೋ ಕಮಾಂಡ್) ಬಂದರೂ $? ಅದರದ್ದಾಗುತ್ತೆ, ಹಾಗಾಗಿ ತಕ್ಷಣ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಳ್ತಿದ್ದೀನಿ. ನಿನ್ನೆಯ ಫೈಲ್ ಬಿಚ್ಚಿ ನೋಡಿದೆ, ರೈತರ ಖಾತೆಗಳೆಲ್ಲ ಇವೆ.